ಹೊಸ ರೋಡ್ ಬೈಕ್: ಮೊದಲ ಸವಾರಿಯಲ್ಲೇ ಕೈ ಜೋಮು, ಬ್ರೇಕಿನ ಕಿರುಚಾಟ, ಪೆಡಲಿನ ‘ಟಿಕ್’ ಸದ್ದು – ನಂದಿಬೆಟ್ಟಕ್ಕೆ ಮುನ್ನ ಏನೇನು ಸರಿಪಡಿಸಿಕೊಳ್ಳಬೇಕು?

ಪ್ರಶ್ನೆ: ಹೊಸಸವಾರ, ಮಲ್ಲೇಶ್ವರ

ಎಲ್ಲರಿಗೂ ನಮಸ್ಕಾರ. ನನಗೆ ಈಗ ನಲವತ್ತನಾಲ್ಕು ವರ್ಷ. ಹುಡುಗನಾಗಿದ್ದಾಗ ತಂದೆಯವರ ಕಪ್ಪು ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದದ್ದನ್ನು ಬಿಟ್ಟರೆ ಸೈಕಲ್ಲಿನೊಂದಿಗೆ ನನಗೆ ಹೇಳಿಕೊಳ್ಳುವಂಥ ನಂಟಿರಲಿಲ್ಲ. ವೈದ್ಯರು ನಡಿಗೆಯನ್ನೋ ಸೈಕಲ್ಲನ್ನೋ ಯಾವುದಾದರೊಂದನ್ನು ಹಿಡಿಯಲೇಬೇಕು ಎಂದು ಹೇಳಿದ ಮೇಲೆ, ಆರು ತಿಂಗಳು ಯೋಚಿಸಿ, ಕಳೆದ ವಾರ ಒಂದು ರೋಡ್ ಬೈಕ್ ಕೊಂಡೆ. ಅಲ್ಯೂಮಿನಿಯಂ ಚೌಕಟ್ಟು, ಕಾರ್ಬನ್ ಫೋರ್ಕ್, ಮುಂದೆ ಚೈನು ಕೂರುವ 50 ಮತ್ತು 34 ಹಲ್ಲಿನ ಎರಡು ಚಕ್ರಗಳು, ಹಿಂದೆ 11ರಿಂದ 32ರವರೆಗಿನ ಹತ್ತು ಚಕ್ರಗಳು, ಕೇಬಲ್ಲಿನಿಂದ ಎಳೆಯುವ ಡಿಸ್ಕ್ ಬ್ರೇಕು, 28 ಮಿ.ಮೀ. ಟೈರು. ಇದರ ಜೊತೆಗೆ ಮುಂದಿನ ಮತ್ತು ಹಿಂದಿನ ದೀಪ, ಚಕ್ರಕ್ಕೆ ಅಯಸ್ಕಾಂತ ಕಟ್ಟುವ ಬಗೆಯ ಮೀಟರು, ಎರಡು ಬಾಟಲಿ ಹಿಡಿಕೆ, ಸೀಟಿನ ಕೆಳಗಿನ ಚೀಲ ಮತ್ತು ಮನೆಯಲ್ಲಿಡುವ ಕಾಲಿನ ಪಂಪು, ಇಷ್ಟನ್ನೂ ತೆಗೆದುಕೊಂಡೆ.

ಮನೆಗೆ ತಂದ ದಿನ ತಾಯಿಯವರು ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿಯೇ ಹೊರಗೆ ಬಿಟ್ಟರು. ಭಾನುವಾರ ಬೆಳಿಗ್ಗೆ ಮೇಖ್ರಿ ವೃತ್ತದ ಮೂಲಕ ಬಳ್ಳಾರಿ ರಸ್ತೆ ಹಿಡಿದು, ಯಲಹಂಕ ದಾಟಿ ಹೋಗಿ ಹಿಂದಿರುಗಿದೆ. ಹೋಗುವಾಗ ಇದ್ದ ಸಂತೋಷ ಬರುವಾಗ ಅರ್ಧಕ್ಕಿಳಿದಿತ್ತು. ಮೊದಲಿಗೆ ಎರಡೂ ಕೈಗಳ ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿದವು. ಮನೆಗೆ ಬಂದು ಕಾಫಿ ಲೋಟ ಹಿಡಿಯುವಾಗಲೂ ಅದು ಪೂರ್ತಿ ಬಿಟ್ಟಿರಲಿಲ್ಲ. ಎರಡನೆಯದಾಗಿ, ಅಂಗಡಿಯಲ್ಲಿ ಬೆಣ್ಣೆಯಂತೆ ಬದಲಾಗುತ್ತಿದ್ದ ಗೇರು, ಇಪ್ಪತ್ತು ಕಿಲೋಮೀಟರು ಕಳೆಯುವಷ್ಟರಲ್ಲಿ ಹಿಂದಿನ ದೊಡ್ಡ ಚಕ್ರಕ್ಕೆ ಏರಲು ತಡಮಾಡತೊಡಗಿತು, ಏರಿದ ಮೇಲೂ ಕರಕರ ಎನ್ನುತ್ತಿತ್ತು. ಮೂರನೆಯದಾಗಿ, ಪೆಡಲಿನ ಪ್ರತಿ ಸುತ್ತಿಗೊಮ್ಮೆ, ಲೆಕ್ಕವಿಟ್ಟಂತೆ, ‘ಟಿಕ್’ ಎಂಬ ಸದ್ದು ಬರುತ್ತದೆ. ನಾಲ್ಕನೆಯದು ಮುಂದಿನ ಬ್ರೇಕು: ಹಿಡಿದರೆ ರಸ್ತೆಯ ನಾಯಿಗಳೆಲ್ಲ ತಲೆಯೆತ್ತುವಂತೆ ಕಿರುಚುತ್ತದೆ, ಆದರೆ ನಿಲ್ಲಿಸುವ ಬಲ ಮಾತ್ರ ಅಷ್ಟಕ್ಕಷ್ಟೇ. ಕೊನೆಯದಾಗಿ, ಫೋನು 36.2 ಕಿ.ಮೀ. ತೋರಿಸಿದರೆ ಮೀಟರು 35.5 ಎನ್ನುತ್ತದೆ. ಅಂಗಡಿಯವರನ್ನು ಕೇಳಿದ್ದಕ್ಕೆ ‘ಹೊಸದರಲ್ಲಿ ಹಾಗೇ ಸರ್, ಓಡಿಸುತ್ತಾ ಸರಿಹೋಗುತ್ತದೆ’ ಎಂದರು.

ನನ್ನ ತೂಕ 68 ಕಿಲೋ. ಟೈರಿನ ಬದಿಯಲ್ಲಿ ಗರಿಷ್ಠ 100 ಪಿಎಸ್‌ಐ ಎಂದು ಬರೆದಿದ್ದುದರಿಂದ ಎರಡಕ್ಕೂ 100ರಂತೆ ಗಾಳಿ ತುಂಬಿದ್ದೇನೆ. ಮೂರು ವಾರದ ನಂತರ ಕಚೇರಿಯ ಗೆಳೆಯರೊಂದಿಗೆ ನಂದಿಬೆಟ್ಟಕ್ಕೆ ಹೋಗುವುದೆಂದು ಒಪ್ಪಿಕೊಂಡುಬಿಟ್ಟಿದ್ದೇನೆ. ಅಷ್ಟರೊಳಗೆ ಇವುಗಳಲ್ಲಿ ಯಾವುದನ್ನು ನಾನೇ ಮಾಡಿಕೊಳ್ಳಬಹುದು, ಯಾವುದಕ್ಕೆ ಮೆಕ್ಯಾನಿಕ್ಕರ ಬಳಿ ಹೋಗಬೇಕು, ಯಾವುದು ನಿಜಕ್ಕೂ ತಾನಾಗಿಯೇ ಸರಿಹೋಗುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿಧಾನವೇ ಸಾಕು, ಬಸವನಗುಡಿ

ತಾನಾಗಿಯೇ ಸರಿಹೋಗುವುದು ಇವುಗಳಲ್ಲಿ ಒಂದೂ ಇಲ್ಲ. ಆದರೆ ಸರಿಪಡಿಸಲಾಗದ್ದೂ ಒಂದೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗೇರು, ಬ್ರೇಕುಗಳ ವಿಷಯವನ್ನು ಕೈಗೆ ಗ್ರೀಸ್ ಹತ್ತಿಸಿಕೊಂಡವರು ಹೇಳುತ್ತಾರೆ. ನಾನು ಕೈ ಜೋಮಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅದೇ ತೊಂದರೆಯಿಂದ ನಾನು ಒಂದು ವರ್ಷ ಸೈಕಲ್ಲನ್ನೇ ಗೋಡೆಗೆ ಒರಗಿಸಿಟ್ಟಿದ್ದೆ.

ಕಿರುಬೆರಳು, ಉಂಗುರಬೆರಳು ಎರಡೇ ಜೋಮು ಹಿಡಿಯುತ್ತವೆ ಎಂದರೆ, ಮಣಿಕಟ್ಟಿನ ಹೊರಬದಿಯಲ್ಲಿ ಅಂಗೈಗೆ ಇಳಿಯುವ ಅಲ್ನರ್ ನರದ ಮೇಲೆ ಭಾರ ಬೀಳುತ್ತಿದೆ ಎಂದರ್ಥ. ಎಲ್ಲರೂ ಇದಕ್ಕೆ ದಪ್ಪ ಜೆಲ್ ಇರುವ ಕೈಗವಸು ಕೊಳ್ಳಲು ಓಡುತ್ತಾರೆ, ನಾನೂ ಎರಡು ಜೊತೆ ಕೊಂಡೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಅಷ್ಟು ಭಾರ ಕೈಯ ಮೇಲೆ ಬಂದದ್ದಾದರೂ ಏಕೆ? ಬಹುಪಾಲು ಸಂದರ್ಭಗಳಲ್ಲಿ ತಪ್ಪು ಹ್ಯಾಂಡಲ್ಲಿನದಲ್ಲ, ಸೀಟಿನದು. ಸೀಟಿನ ಮೂಗು ಕೆಳಮುಖವಾಗಿ ಬಾಗಿದ್ದರೆ ದೇಹ ಸದಾ ಮುಂದಕ್ಕೆ ಜಾರುತ್ತಿರುತ್ತದೆ, ಆ ಜಾರುವಿಕೆಯನ್ನು ಕೈಗಳು ನಿಮಗೆ ಗೊತ್ತಿಲ್ಲದಂತೆ ತಡೆಯುತ್ತಿರುತ್ತವೆ. ಸೈಕಲ್ಲನ್ನು ಮಟ್ಟಸವಾದ ನೆಲದ ಮೇಲೆ ನಿಲ್ಲಿಸಿ, ಸೀಟಿನ ಉದ್ದಕ್ಕೆ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನಿಟ್ಟು, ಅದರ ಮೇಲೆ ಫೋನಿನ ಮಟ್ಟಗೋಲು ತೆರೆದು ನೋಡಿ. ಸೊನ್ನೆ ಡಿಗ್ರಿಯಿಂದ ಆರಂಭಿಸುವುದು ಕ್ಷೇಮ. ಒಂದೆರಡು ಡಿಗ್ರಿ ಕೆಳಮುಖವಾಗಿರುವುದು ಕೆಲವರಿಗೆ ಹಿತವೆನಿಸುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ನಿಮ್ಮ ಜೋಮಿನ ಮೂಲ ಅಲ್ಲೇ ಸಿಕ್ಕಿತೆಂದು ತಿಳಿಯಿರಿ.

ಎರಡನೆಯದು ಸೀಟಿನ ಎತ್ತರ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ಅದೇ ಪುಸ್ತಕವನ್ನು ಸೀಟಿನಂತೆ ಮೇಲಕ್ಕೆ ಒತ್ತಿಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಬರುವುದು ಕ್ರ್ಯಾಂಕಿನ, ಅಂದರೆ ಪೆಡಲುಗಳನ್ನು ಹಿಡಿದಿರುವ ತೋಳುಗಳ, ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ. ಇದು 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅವರ ಹೆಸರಿನೊಂದಿಗೆ ಅಂಟಿಕೊಂಡು ಬಂದಿರುವ ಲೆಕ್ಕ. ಕಾಲಿನ ಅಳತೆ 80 ಸೆಂ.ಮೀ. ಇದ್ದರೆ ಎತ್ತರ 70.6 ಸೆಂ.ಮೀ. ಆಗುತ್ತದೆ. ಇದನ್ನು ವೇದವಾಕ್ಯವೆಂದು ತಿಳಿಯಬೇಡಿ, ಆರಂಭದ ಗುರುತೆಂದು ತಿಳಿಯಿರಿ. ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲು ತೀರ ಕೆಳಗಿರುವ ಸ್ಥಿತಿಯಲ್ಲಿ ಮಂಡಿ ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗವನ್ನಿಟ್ಟು ತುಳಿಯುವಾಗ ಮಂಡಿಯಲ್ಲಿ 25ರಿಂದ 35 ಡಿಗ್ರಿಗಳಷ್ಟು ಬಾಗು ತಾನಾಗಿಯೇ ಉಳಿಯುತ್ತದೆ. ಹಿಂದಿನಿಂದ ನೋಡುವವರಿಗೆ ನಿಮ್ಮ ಸೊಂಟ ತಕ್ಕಡಿಯಂತೆ ಅತ್ತಿತ್ತ ತೂಗುತ್ತಿರುವುದು ಕಂಡರೆ ಸೀಟು ಎತ್ತರವಾಗಿದೆ ಎಂದೇ ಅರ್ಥ. ಎತ್ತರವನ್ನು ಬದಲಿಸುವಾಗ ಸೀಟನ್ನು ಹೊತ್ತಿರುವ ಕೊಳವೆಯಾದ ಸೀಟ್ ಪೋಸ್ಟಿನ ಮೇಲೆ ಕೊರೆದಿರುವ ಕನಿಷ್ಠ ಗುರುತು ಚೌಕಟ್ಟಿನಿಂದ ಹೊರಗೆ ಬಾರದಂತೆ ಎಚ್ಚರವಹಿಸಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸೀಟಿನ ಬಾಗು, ಎತ್ತರ, ಹ್ಯಾಂಡಲ್ಲಿನ ಕೋನ ಈ ಮೂರನ್ನೂ ಒಂದೇ ಸಂಜೆ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ನಿಮಗೆ ತಿಳಿಯುವುದೇ ಇಲ್ಲ. ಈಗಿನ ಸ್ಥಿತಿಯನ್ನು ಸೀಟ್ ಪೋಸ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿಕೊಂಡು, ಒಂದನ್ನು ಮಾತ್ರ ಬದಲಿಸಿ, ಗೊತ್ತಿರುವ ಒಂದೇ ಸುತ್ತಿನಲ್ಲಿ ಓಡಿಸಿ ನೋಡಿ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನಗಳಿಗೆ ಪ್ರವೇಶವಿಲ್ಲದಿರುವುದರಿಂದ ನಾನು ಅಲ್ಲಿಗೇ ಹೋಗುತ್ತೇನೆ, ಜೇಬಿನಲ್ಲಿ 4 ಮತ್ತು 5 ಮಿ.ಮೀ. ಅಲೆನ್ ಕೀ ಇಟ್ಟುಕೊಂಡು. ಮಕ್ಕಳೂ ವಯಸ್ಸಾದವರೂ ನಡೆದಾಡುವ ಜಾಗವಾದ್ದರಿಂದ ಅಲ್ಲಿ ವೇಗದ ಪರೀಕ್ಷೆ ಸಲ್ಲದು. ಸೀಟಿನ ಪರೀಕ್ಷೆಗಂತೂ ಅದಕ್ಕಿಂತ ಒಳ್ಳೆಯ ಸ್ಥಳ ನನಗೆ ಕಂಡಿಲ್ಲ.

ಉತ್ತರ: ಅಲೆನ್ ಕೀ, ರಾಜಾಜಿನಗರ

ನಾನು ಹದಿನೈದು ವರ್ಷಗಳಿಂದ ಸೈಕಲ್ ರಿಪೇರಿ ಮಾಡುತ್ತಿರುವವನು. ಹೊಸ ಸೈಕಲ್ಲು ಪೆಟ್ಟಿಗೆಯಲ್ಲಿ ಅರ್ಧ ಜೋಡಣೆಯಾಗಿ ಬರುತ್ತದೆ, ಉಳಿದರ್ಧವನ್ನು ಅಂಗಡಿಯ ಹುಡುಗರು ಜೋಡಿಸುತ್ತಾರೆ. ಶನಿವಾರ ಸಂಜೆಯ ನೂಕುನುಗ್ಗಲಿನಲ್ಲಿ ಜೋಡಿಸಿದ ಸೈಕಲ್ಲಿಗೂ ಮಂಗಳವಾರ ಮಧ್ಯಾಹ್ನ ಜೋಡಿಸಿದ ಸೈಕಲ್ಲಿಗೂ ಇರುವ ವ್ಯತ್ಯಾಸವನ್ನು ನಾನು ದಿನವೂ ನೋಡುತ್ತೇನೆ.

ಗೇರಿನಿಂದ ಆರಂಭಿಸೋಣ. ಕೇಬಲ್ ಹಿಗ್ಗಿತು ಎಂದು ಎಲ್ಲರೂ ಹೇಳುವುದು ವಾಡಿಕೆ. ಉಕ್ಕಿನ ತಂತಿ ಅಷ್ಟು ಸುಲಭವಾಗಿ ಹಿಗ್ಗುವುದಿಲ್ಲ. ತಂತಿಯ ಹೊರಕವಚದ ತುದಿಗಳು ತಮ್ಮ ತಮ್ಮ ಕುಳಿಗಳಲ್ಲಿ ಒತ್ತಿ ಕೂರುತ್ತವೆ, ಅದರಿಂದ ಬಿಗಿ ಸಡಿಲವಾಗುತ್ತದೆ. ಮೊದಲ ನೂರಿನ್ನೂರು ಕಿಲೋಮೀಟರುಗಳಲ್ಲಿ ಇದು ಆಗಿಯೇ ಆಗುತ್ತದೆ. ಮದ್ದು ನಿಮ್ಮ ಕೈಯಲ್ಲೇ ಇದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗವನ್ನು ಡಿರೈಲರ್ ಎನ್ನುತ್ತಾರೆ. ಹಿಂದಿನ ಡಿರೈಲರಿಗೆ ಕೇಬಲ್ ಒಳಹೋಗುವಲ್ಲಿ ಬೆರಳಿನಿಂದ ತಿರುಗಿಸುವ ಒಂದು ಸಣ್ಣ ಪಿಪಾಯಿಯಂಥ ತಿರುಪು ಇರುತ್ತದೆ, ಅದನ್ನು ಬ್ಯಾರೆಲ್ ಅಡ್ಜಸ್ಟರ್ ಎನ್ನುತ್ತೇವೆ. ಸೈಕಲ್ಲಿನ ಹಿಂದೆ ಕುಳಿತು ಅದನ್ನು ನೋಡುತ್ತಾ ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ, ಕೇಬಲ್ ಬಿಗಿಯಾಗುತ್ತದೆ. ಹಿಂದಿನ ಚಕ್ರವನ್ನು ಎತ್ತಿ ಹಿಡಿದು ಪೆಡಲ್ ತಿರುಗಿಸುತ್ತಾ ಒಂದೊಂದೇ ಗೇರು ಏರಿಸಿ ನೋಡಿ. ತಡವಾಗಿ ಏರಿದರೆ ಇನ್ನೂ ಕಾಲು ಸುತ್ತು. ಇಳಿಯುವಾಗ ತಡವಾದರೆ ಅತಿಯಾಯಿತೆಂದು ಅರ್ಥ, ಕಾಲು ಸುತ್ತು ಹಿಂದಕ್ಕೆ ಬನ್ನಿ. ನಿಮ್ಮ ವಿಷಯದಲ್ಲಿ ಅರ್ಧ ಸುತ್ತಿಗೆ ಮುಗಿಯುತ್ತದೆ ಎಂದು ನನ್ನ ಊಹೆ.

ಅದೇ ಡಿರೈಲರಿನಲ್ಲಿ ಹೆಚ್ ಮತ್ತು ಎಲ್ ಎಂದು ಗುರುತಿರುವ ಎರಡು ಸಣ್ಣ ತಿರುಪುಗಳಿರುತ್ತವೆ. ಸದ್ದು ಬರುತ್ತದೆಂದು ಅವುಗಳನ್ನು ತಿರುಗಿಸಲು ಹೋಗಬೇಡಿ, ಸದ್ದಿಗೂ ಅವಕ್ಕೂ ಸಂಬಂಧ ಕಡಿಮೆ. ಅವು ಚೈನು ಎರಡೂ ತುದಿಗಳನ್ನು ಮೀರಿ ಹೋಗದಂತೆ ತಡೆಯುವ ಬೇಲಿಗಳು. ಆದರೆ ಎಲ್ ತಿರುಪು ಸರಿಯಾಗಿದೆಯೇ ಎಂದು ಬೆಟ್ಟಕ್ಕೆ ಹೋಗುವ ಮುನ್ನ ಪರೀಕ್ಷಿಸಲೇಬೇಕು. ಅತಿ ದೊಡ್ಡ ಚಕ್ರಕ್ಕೆ ಚೈನನ್ನು ಏರಿಸಿ, ಪೆಡಲನ್ನು ಮೆಲ್ಲಗೆ ತಿರುಗಿಸುತ್ತಾ, ಡಿರೈಲರನ್ನು ಕೈಯಿಂದ ಒಳಕ್ಕೆ ಹಗುರವಾಗಿ ತಳ್ಳಿ. ಚೈನು ಚಕ್ರ ಬಿಟ್ಟು ಕಡ್ಡಿಗಳ ಕಡೆಗೆ ಜಾರುವಂತಿದ್ದರೆ ಆ ಸೈಕಲ್ಲನ್ನು ಹಾಗೆಯೇ ಬೆಟ್ಟಕ್ಕೆ ಒಯ್ಯಬಾರದು. ಏರುರಸ್ತೆಯಲ್ಲಿ ಉಸಿರು ಕಟ್ಟಿ ಕೊನೆಯ ಗೇರಿಗೆ ಹಾಕುವ ಹೊತ್ತಿನಲ್ಲೇ ಡಿರೈಲರ್ ಕಡ್ಡಿಗಳಿಗೆ ಸಿಕ್ಕಿ ಮುರಿಯುವುದು. ಅದನ್ನು ಚೌಕಟ್ಟಿಗೆ ಹಿಡಿದಿರುವ ಹ್ಯಾಂಗರ್ ಎಂಬ ತುಂಡು ಬೇಕೆಂದೇ ಮೆತು ಲೋಹದ್ದು. ಚೌಕಟ್ಟನ್ನು ಉಳಿಸಲು ತಾನು ಬಾಗುತ್ತದೆ. ಸೈಕಲ್ಲನ್ನು ಬಲಮಗ್ಗುಲಿಗೆ ಬೀಳಿಸಿಕೊಂಡಿದ್ದರೆ, ಅಥವಾ ಕಾರಿನಲ್ಲಿ ಆ ಮಗ್ಗುಲಿಗೆ ಮಲಗಿಸಿ ತಂದಿದ್ದರೆ, ಹ್ಯಾಂಗರ್ ಸೊಟ್ಟಗಾಗಿದೆಯೇ ಎಂದೂ ನೋಡಿಸಿ.

‘ಟಿಕ್’ ಸದ್ದಿಗೆ ಬರೋಣ. ಹೀಗೆ ಸುತ್ತಿಗೊಮ್ಮೆ ಬರುವ ಸದ್ದನ್ನು ಕೇಳಿದೊಡನೆ ಕೆಲವರು ಕ್ರ್ಯಾಂಕಿನ ಬೇರಿಂಗನ್ನೇ ಬಿಚ್ಚಿ ಹರಡುತ್ತಾರೆ. ನೀವು ಮೊದಲು ಒಂದು ಸಂಗತಿ ತಿಳಿಸಿ: ಆ ಸದ್ದು ಚೈನು ಮುಂದಿನ ದೊಡ್ಡ ಹಲ್ಲುಚಕ್ರದಲ್ಲಿರುವಾಗ ಮಾತ್ರ ಬರುತ್ತದೆಯೇ, ಚಿಕ್ಕದರಲ್ಲಿಯೂ ಬರುತ್ತದೆಯೇ? ದೊಡ್ಡದರಲ್ಲಿ ಮಾತ್ರ ಎಂದಾದರೆ, ಮುಂದಿನ ಡಿರೈಲರಿನ ಹೊರಪಟ್ಟಿಯೋ ಅದರ ಕೇಬಲ್ಲಿನ ಬಾಲವೋ ಕ್ರ್ಯಾಂಕಿನ ತೋಳಿಗೆ ತಾಗುತ್ತಿದೆ. ಎರಡರಲ್ಲಿಯೂ ಬರುವುದಾದರೆ ಪೆಡಲುಗಳನ್ನು ಬಿಚ್ಚಿ, ಮರೆಗಳಿಗೆ, ಅಂದರೆ ತಿರುಪಿನ ಸುರುಳಿ ಗೆರೆಗಳಿಗೆ, ಗ್ರೀಸ್ ಹಚ್ಚಿ ಮತ್ತೆ ಬಿಗಿಯಿರಿ. ಎಡಪೆಡಲಿನ ಮರೆ ಉಲ್ಟಾ ಎಂಬುದನ್ನು ಮರೆಯಬೇಡಿ. ಅದನ್ನು ಬಿಚ್ಚಬೇಕಾದರೆ ಪ್ರದಕ್ಷಿಣವಾಗಿ ತಿರುಗಿಸಬೇಕು. ಇದು ತಿಳಿಯದೆ ಕ್ರ್ಯಾಂಕನ್ನೇ ಹಾಳುಮಾಡಿಕೊಂಡು ಬಂದವರು ನನ್ನಲ್ಲಿಗೆ ತಿಂಗಳಿಗೊಬ್ಬರಾದರೂ ಇರುತ್ತಾರೆ. ಪೆಡಲಿಗೆ 35 ನ್ಯೂಟನ್ ಮೀಟರಿಗಿಂತ ಹೆಚ್ಚಿನ ಬಿಗಿ ಬೇಕು, ಅಂದರೆ ಉದ್ದ ಸ್ಪ್ಯಾನರಿನಲ್ಲಿ ಚೆನ್ನಾಗಿಯೇ ಒತ್ತಬೇಕು. ಇದಕ್ಕೆ ತದ್ವಿರುದ್ಧವಾಗಿ ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರು ಸಾಕು, ಎಷ್ಟೆಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಕೈಯ ಅಂದಾಜಿನ ಮೇಲೆ ಬಿಗಿಯುವವರು ಪೆಡಲನ್ನು ಸಡಿಲ ಬಿಟ್ಟು ಸ್ಟೆಮ್ಮನ್ನು ಹಿಂಡಿಬಿಡುತ್ತಾರೆ. ಸೀಟು, ಹ್ಯಾಂಡಲ್ ನೀವೇ ಬದಲಿಸುವುದಾದರೆ ಬಿಗಿಯನ್ನು ಅಳೆದು ತೋರಿಸುವ ಒಂದು ಸಣ್ಣ ಟಾರ್ಕ್ ರೆಂಚ್ ಕೊಳ್ಳಿ.

ಬ್ರೇಕಿನ ಬಗ್ಗೆ ನನಗೊಂದು ಅನುಮಾನವಿದೆ, ತಪ್ಪು ತಿಳಿಯಬೇಡಿ. ಪೂಜೆ ಮಾಡಿದಾಗ ಅರಿಶಿನ ಕುಂಕುಮ ಎಲ್ಲೆಲ್ಲಿ ಇಟ್ಟಿರಿ? ಮುಂದಿನ ಚಕ್ರದ ನಡುವೆ ಇರುವ ಆ ಹೊಳೆಯುವ ತಟ್ಟೆಗೆ ಎಣ್ಣೆಯ ಪಸೆ ತಾಗಿದರೆ, ಅದು ಬೆರಳಿನದ್ದಾಗಲಿ, ಚೈನಿಗೆ ಹೊಡೆದ ಸ್ಪ್ರೇಯದ್ದಾಗಲಿ, ಬ್ರೇಕು ಕಿರುಚುತ್ತದೆ ಮತ್ತು ಹಿಡಿಯುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಶುಭ್ರವಾದ ಬಟ್ಟೆಯಿಂದ ತಟ್ಟೆಯನ್ನು ಎರಡೂ ಬದಿ ಒರೆಸಿ. ತಟ್ಟೆಯನ್ನು ಒತ್ತಿಹಿಡಿಯುವ ಪ್ಯಾಡುಗಳನ್ನು ಹೊರತೆಗೆದು ನಯವಾದ ಉಪ್ಪುಕಾಗದದ ಮೇಲೆ ನಾಲ್ಕು ಸಲ ಉಜ್ಜಿ. ಆಮೇಲೆ ಬ್ರೇಕನ್ನು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಹೋಗಿ, ಚಕ್ರ ಜಾಮ್ ಆಗದಂತೆ ಹದವಾಗಿ ಬ್ರೇಕು ಹಿಡಿದು ನಡಿಗೆಯ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹೆಚ್ಚಿಸಿ. ಇಂಥ ಇಪ್ಪತ್ತು, ಆಮೇಲೆ 30 ಕಿ.ಮೀ. ವೇಗದಿಂದ ಹತ್ತು. ಮುಂದಿನದು, ಹಿಂದಿನದು ಬೇರೆ ಬೇರೆಯಾಗಿ. ಪ್ಯಾಡಿನ ಪುಡಿ ತಟ್ಟೆಯ ಮೇಲೆ ತೆಳುವಾಗಿ ಸಮನಾಗಿ ಕೂತ ಮೇಲೆಯೇ ಡಿಸ್ಕ್ ಬ್ರೇಕಿನ ನಿಜವಾದ ಬಲ ಬರುವುದು. ಇದನ್ನು ಮಾಡಿಕೊಡುವ ಅಂಗಡಿಯನ್ನು ನಾನಂತೂ ಕಂಡಿಲ್ಲ. ಪ್ಯಾಡ್ ಸವೆದಂತೆ ಲಿವರು ಒಳಕ್ಕೆ ಹೋಗತೊಡಗಿದರೆ ಗಾಬರಿಯಾಗಬೇಡಿ. ಕೇಬಲ್ ಎಳೆಯುವ ಬ್ರೇಕಿನಲ್ಲಿ ಅದನ್ನು ಆಗಾಗ ನಾವೇ ಬಿಗಿ ಮಾಡಿಕೊಳ್ಳಬೇಕು.

ಇನ್ನೊಂದು ಪರೀಕ್ಷೆ ಅರ್ಧ ನಿಮಿಷದ್ದು. ಮುಂದಿನ ಬ್ರೇಕನ್ನು ಬಿಗಿಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ, ಇನ್ನೊಂದು ಕೈಯ ಬೆರಳನ್ನು ಹ್ಯಾಂಡಲ್ ತಿರುಗುವ ಬೇರಿಂಗಿನ ಮೇಲಿಡಿ. ಅಲ್ಲಿ ಕುಲುಕಾಟ ಸಿಕ್ಕರೆ ಸ್ಟೆಮ್ಮಿನ ಪಕ್ಕದ ಬೋಲ್ಟುಗಳನ್ನು ಮೊದಲು ಸಡಿಲಿಸಿ, ಆಮೇಲೆ ಮೇಲ್ಮುಚ್ಚಳದ ಬೋಲ್ಟನ್ನು ಕುಲುಕಾಟ ಹೋಗುವಷ್ಟು ಮಾತ್ರ ತಿರುಗಿಸಿ, ಹ್ಯಾಂಡಲ್ ನೇರ ಮಾಡಿ, ಪಕ್ಕದವನ್ನು ಮತ್ತೆ ಬಿಗಿಯಬೇಕು. ಪಕ್ಕದವನ್ನು ಸಡಿಲಿಸದೆ ಮುಚ್ಚಳವನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ಉತ್ತರ: ಕನಕಪುರ ರಸ್ತೆ

ಗಾಳಿಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಎಂಟು ವರ್ಷಗಳಿಂದ 110ರಲ್ಲೇ ಓಡಿಸುತ್ತಿದ್ದೇನೆ. ಟೈರು ಗಟ್ಟಿಯಾಗಿದ್ದಷ್ಟೂ ಉರುಳುವುದು ಸಲೀಸು, ಪಂಕ್ಚರೂ ಕಡಿಮೆ. ನೂರಕ್ಕಿಂತ ಇಳಿಸಬೇಡಿ ಎಂಬುದು ನನ್ನ ಸಲಹೆ.

ಉತ್ತರ: ಅಲೆನ್ ಕೀ, ರಾಜಾಜಿನಗರ

ಕನಕಪುರ ರಸ್ತೆಯವರೇ, ನಿಮ್ಮ ಸೈಕಲ್ಲಿನ ಟೈರು 23 ಮಿ.ಮೀ. ಇರಬೇಕು. ಅದಕ್ಕೆ ನೂರರ ಆಸುಪಾಸು ಸರಿಯೇ. ಇವರದು 28. ಟೈರು ಅಗಲವಾದಂತೆ ಒಳಗಿನ ಗಾಳಿಯ ಪ್ರಮಾಣ ಹೆಚ್ಚುತ್ತದೆ, ಅದೇ ಭಾರವನ್ನು ಕಡಿಮೆ ಒತ್ತಡದಲ್ಲೇ ಹೊರುತ್ತದೆ. ಬದಿಯಲ್ಲಿ ಬರೆದಿರುವುದು ಮೀರಬಾರದ ಗಡಿಯೇ ಹೊರತು ತುಂಬಲೇಬೇಕಾದ ಲೆಕ್ಕವಲ್ಲ. 100 ಎಂದು ಬರೆದಿರುವ ಟೈರಿಗೆ 110 ತುಂಬುವುದಂತೂ ಅಪಾಯ. ನುಣುಪಾದ ಮರದ ಹಾಸಿನ ಮೇಲೆ ಗಟ್ಟಿ ಟೈರು ಚೆನ್ನಾಗಿ ಉರುಳುತ್ತದೆ, ಒಪ್ಪುತ್ತೇನೆ. ನಮ್ಮ ರಸ್ತೆಯಲ್ಲಿ, ಪೈಪು ಹೂಳಲು ಅಗೆದು ಮುಚ್ಚಿದ ಪಟ್ಟಿಗಳ ಮೇಲೆ, ಅದು ಉರುಳುವುದಿಲ್ಲ, ಕುಪ್ಪಳಿಸುತ್ತದೆ. ಪ್ರತಿ ಕುಪ್ಪಳಿಕೆಯೂ ಸವಾರನ ಮಣಿಕಟ್ಟಿಗೆ ಬರುತ್ತದೆ. 68 ಕಿಲೋ ತೂಕಕ್ಕೆ ಮುಂದೆ 65, ಹಿಂದೆ 72 ಪಿಎಸ್‌ಐಯಿಂದ ಆರಂಭಿಸಿ, ಹಂಪಿನ ಅಂಚು ರಿಮ್ಮಿಗೆ ತಾಗಿದಂತೆ ಭಾಸವಾದರೆ ಐದೈದು ಏರಿಸಿಕೊಳ್ಳಲಿ. ಜೋಮಿನಲ್ಲಿ ಸೀಟಿನ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂದು ತಿಳಿಯಬೇಕಾದರೆ ಬಸವನಗುಡಿಯವರು ಹೇಳಿದಂತೆ ಒಂದೊಂದಾಗಿ ಮಾಡಬೇಕು.

ಉತ್ತರ: ನಿತ್ಯಯಾತ್ರಿ, ವೈಟ್‌ಫೀಲ್ಡ್

ನಾನು ದಿನವೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವಳು. ಹೊಸದಾಗಿ ಕೊಂಡ ಉಪಕರಣಗಳನ್ನು ಸೈಕಲ್ಲಿನಷ್ಟೇ ಶ್ರದ್ಧೆಯಿಂದ ಪರೀಕ್ಷಿಸಬೇಕು ಎಂಬುದನ್ನು ನಾನು ತಡವಾಗಿ ಕಲಿತೆ.

ನಂದಿಬೆಟ್ಟ ನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿರುವುದರಿಂದ ನೀವು ನಾಲ್ಕೂವರೆಗೋ ಐದಕ್ಕೋ ಕತ್ತಲಲ್ಲೇ ಹೊರಡುತ್ತೀರಿ. ನಮ್ಮಲ್ಲಿ ಸೂರ್ಯೋದಯ ಕಾಲಕ್ಕೆ ತಕ್ಕಂತೆ ಆರಕ್ಕೆ ಕೊಂಚ ಮುಂಚಿನಿಂದ ಆರೂಮುಕ್ಕಾಲರವರೆಗೆ ಆಗುತ್ತದೆ. ಹಾಗಾಗಿ ಮೊದಲ ಒಂದು ಗಂಟೆ, ಲಾರಿಗಳು ಓಡಾಡುವ ಹೆದ್ದಾರಿಯಲ್ಲಿ, ನಿಮ್ಮ ಹಿಂದಿನ ದೀಪವೇ ನಿಮ್ಮ ರಕ್ಷಣೆ. ಸೀಟಿನ ಕೆಳಗಿನ ಚೀಲ ಆ ದೀಪವನ್ನು ಮರೆಮಾಡಿದೆಯೇ ಎಂದು ಈಗಲೇ ನೋಡಿ. ನನ್ನದು ಎರಡು ತಿಂಗಳು ಹಾಗೆಯೇ ಮರೆಯಾಗಿತ್ತು. ನಾನು ಸೀಟಿನ ಮೇಲೆ ಕುಳಿತು ಹಿಂದಿರುಗಿ ನೋಡಿದಾಗ ಕೆಂಪು ಬೆಳಕು ಕಾಣುತ್ತಿತ್ತು, ಹಿಂದೆ ಬರುವವರಿಗೆ ಕಾಣುತ್ತಿದ್ದುದು ಚೀಲ ಮಾತ್ರ. ಮನೆಯವರನ್ನು ಕತ್ತಲೆಯಲ್ಲಿ ಐವತ್ತು ಹೆಜ್ಜೆ ಹಿಂದೆ ನಿಲ್ಲಿಸಿ ಕೇಳುವುದೊಂದೇ ಸರಿಯಾದ ಪರೀಕ್ಷೆ. ಮುಂದಿನ ದೀಪದ ಬೆಳಕಿನ ನಡುಭಾಗ ಎಂಟು ಹತ್ತು ಮೀಟರು ಮುಂದೆ ನೆಲಕ್ಕೆ ಬೀಳುವಂತಿರಲಿ, ಎದುರು ಬರುವವರ ಕಣ್ಣಿಗೆ ಹೊಡೆಯಬಾರದು.

ಮೀಟರಿನ ಲೆಕ್ಕ ತಪ್ಪಿರುವುದು ಸುಲಭದ ವಿಷಯ. ಅದು ಚಕ್ರದ ಸುತ್ತುಗಳನ್ನು ಮಾತ್ರ ಎಣಿಸುತ್ತದೆ. ಒಂದು ಸುತ್ತಿಗೆ ಎಷ್ಟು ದೂರ ಎಂಬುದನ್ನು ನಾವೇ ಹೇಳಿಕೊಡಬೇಕು. 700x23 ಟೈರಿಗೆ 2096 ಮಿ.ಮೀ., 700x28 ಟೈರಿಗೆ 2136 ಮಿ.ಮೀ. ಎಂಬುದು ಎಲ್ಲರೂ ಬಳಸುವ ಅಳತೆ. ನಿಮ್ಮ 36.2ನ್ನು 2136ರಿಂದ ಭಾಗಿಸಿ 2096ರಿಂದ ಗುಣಿಸಿದರೆ ಸರಿಯಾಗಿ 35.5 ಬರುತ್ತದೆ. ಅಂದರೆ ನಿಮ್ಮ ಮೀಟರು ಇನ್ನೂ ತಾನು 23 ಮಿ.ಮೀ. ಟೈರಿನ ಮೇಲಿದ್ದೇನೆಂದೇ ತಿಳಿದುಕೊಂಡಿದೆ. ಇನ್ನೂ ನಿಖರವಾಗಿ ಬೇಕಾದರೆ, ಗಾಳಿಯನ್ನು ಸರಿಪಡಿಸಿಕೊಂಡ ಮೇಲೆ, ವಾಲ್ವು ಕೆಳಗಿರುವಾಗ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಸೀಟಿನ ಮೇಲೆ ಕುಳಿತೇ ಮೂರು ಸುತ್ತು ಮುಂದೆ ಸಾಗಿ ಮತ್ತೊಂದು ಗೆರೆ ಎಳೆಸಿ, ನಡುವಿನ ದೂರವನ್ನು ಮೂರರಿಂದ ಭಾಗಿಸಿ.

ಬಾಟಲಿ ಹಿಡಿಕೆಗೆ ಹಂಪಿನ ಪರೀಕ್ಷೆ ಸಾಕು. ತುಂಬಿದ ಬಾಟಲಿಗಳನ್ನಿಟ್ಟು, ನಿಮ್ಮ ಬೀದಿಯ ಬಣ್ಣ ಬಳಿಯದ ಯಾವುದಾದರೂ ಹಂಪನ್ನು ತುಸು ವೇಗವಾಗಿಯೇ ದಾಟಿ. ಹಾರಿ ಬೀಳುವುದಿದ್ದರೆ ಮನೆಯ ಮುಂದೆಯೇ ಬೀಳಲಿ. ಚೀಲದಲ್ಲಿ ಒಂದು ಟ್ಯೂಬು, ಎರಡು ಟೈರ್ ಲಿವರು, ಕೈಪಂಪು ಇರಲೇಬೇಕು. ಇವುಗಳೊಂದಿಗೆ ಅಂಗಿಯ ಗುಂಡಿಯಷ್ಟು ಚಿಕ್ಕದಾದ ಹಿತ್ತಾಳೆಯ ವಾಲ್ವ್ ಅಡಾಪ್ಟರು ಒಂದಿರಲಿ. ನಿಮ್ಮ ಟ್ಯೂಬಿನ ಸಪೂರವಾದ ಪ್ರೆಸ್ಟಾ ವಾಲ್ವಿಗೆ ಸ್ಕೂಟರಿನ ಗಾಳಿ ಕೊಳವೆ ಹಿಡಿಯುವುದಿಲ್ಲ. ಆ ಗುಂಡಿಯನ್ನು ತಿರುಗಿಸಿ ಕೂರಿಸಿದರೆ ದೇವನಹಳ್ಳಿ ದಾರಿಯ ಯಾವ ಪಂಕ್ಚರ್ ಅಂಗಡಿಯಲ್ಲಿಯೂ ಗಾಳಿ ಹಾಕಿಸಿಕೊಳ್ಳಬಹುದು, ಕಂಪ್ರೆಸರಿನ ಗಾಳಿ ರಭಸವಾಗಿರುವುದರಿಂದ ಸ್ವಲ್ಪ ಸ್ವಲ್ಪವೇ. ಟ್ಯೂಬು ಬದಲಿಸುವುದನ್ನು ಒಮ್ಮೆಯಾದರೂ ಮನೆಯ ವರಾಂಡದಲ್ಲಿ ಅಭ್ಯಾಸ ಮಾಡಿ. ಹೊಸ ಟೈರು ರಿಮ್ಮಿನಿಂದ ಎಷ್ಟು ಹಠ ಹಿಡಿದು ಬರುತ್ತದೆ ಎಂಬುದು ಕತ್ತಲೆಯ ಹೆದ್ದಾರಿಯಲ್ಲಿ ಮೊದಲ ಬಾರಿಗೆ ತಿಳಿಯಬಾರದು.

ಪ್ರಶ್ನೆ ಕೇಳಿದವರಿಂದ: ಹೊಸಸವಾರ, ಮಲ್ಲೇಶ್ವರ

ಹನ್ನೊಂದು ದಿನಗಳಾದವು. ಎಲ್ಲರ ಮಾತನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು ದಿನಕ್ಕೊಂದರಂತೆ ಮಾಡಿದೆ. ಫಲಿತಾಂಶ ತಿಳಿಸುವುದು ನನ್ನ ಕರ್ತವ್ಯ.

ಸೀಟಿನ ಮೂಗು ನಾಲ್ಕು ಡಿಗ್ರಿ ಕೆಳಗಿತ್ತು. ಅದನ್ನು ಸೊನ್ನೆಗೆ ತಂದು, ಬೇರೇನನ್ನೂ ಮುಟ್ಟದೆ, ಕಬ್ಬನ್ ಪಾರ್ಕಿನಲ್ಲಿ ಒಂದು ಗಂಟೆ ಓಡಿಸಿದೆ. ಜೋಮು ಮುಕ್ಕಾಲು ಪಾಲು ಕಡಿಮೆಯಾಯಿತು. ಮರುದಿನ ಗಾಳಿಯನ್ನು 65 ಮತ್ತು 72ಕ್ಕೆ ಇಳಿಸಿದ ಮೇಲೆ ಉಳಿದ ಕಾಲು ಪಾಲೂ ಹೋಯಿತು. ಸೀಟಿನ ಎತ್ತರ ಲೆಕ್ಕಕ್ಕಿಂತ ಒಂದು ಸೆಂ.ಮೀ. ಹೆಚ್ಚಿತ್ತು, ಅದನ್ನೂ ಇಳಿಸಿದ್ದೇನೆ. ಗೇರಿಗೆ ರಾಜಾಜಿನಗರದವರು ಊಹಿಸಿದ ಅರ್ಧ ಸುತ್ತು ಸಾಲಲಿಲ್ಲ, ಮುಕ್ಕಾಲು ಸುತ್ತು ಬೇಕಾಯಿತು. ಮೀಟರಿಗೆ ಸೀಮೆಸುಣ್ಣದ ಲೆಕ್ಕ ಮಾಡಿದಾಗ ಮೂರು ಸುತ್ತಿಗೆ 6.39 ಮೀಟರು ಬಂತು, ಅಂದರೆ 2130. ಮಗಳು ಗೆರೆ ಎಳೆದಳು, ಬೀದಿಯವರು ನಿಂತು ನೋಡಿದರು.

‘ಟಿಕ್’ ಸದ್ದು ದೊಡ್ಡ ಚಕ್ರದಲ್ಲಿ ಮಾತ್ರ ಬರುತ್ತಿತ್ತು. ನೆಲದ ಮೇಲೆ ಮಲಗಿ, ಟಾರ್ಚ್ ಹಿಡಿದು, ಪೆಡಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಾಗ ಕಣ್ಣಿಗೆ ಬಿತ್ತು: ಮುಂದಿನ ಡಿರೈಲರಿನ ಕೇಬಲ್ಲಿನ ಬಾಲ, ಎರಡಂಗುಲದಷ್ಟು, ಮೀಸೆಯಂತೆ ಹೊರಕ್ಕೆ ಬಾಗಿಕೊಂಡಿತ್ತು, ಕ್ರ್ಯಾಂಕಿನ ತೋಳು ಹಾದುಹೋದಾಗಲೆಲ್ಲ ಅದನ್ನು ಮೀಟುತ್ತಿತ್ತು. ತೋಳಿನ ಒಳಬದಿಯಲ್ಲಿ ಕೂದಲೆಳೆಯಷ್ಟು ಗೀರೂ ಬಿದ್ದಿದೆ. ಬೆರಳಿನಿಂದ ಒಳಕ್ಕೆ ಬಗ್ಗಿಸಿದೆ, ಸದ್ದು ನಿಂತಿತು.

ಬ್ರೇಕಿನ ಅನುಮಾನವೂ ನಿಜವಾಯಿತು. ಆ ತಟ್ಟೆಯ ತೂತುಗಳ ಅಂಚಿನಲ್ಲಿ ಇನ್ನೂ ಕೆಂಪು ಉಳಿದಿತ್ತು. ತಾಯಿಯವರನ್ನು ಕೇಳಿದರೆ, ‘ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿತ್ತಲ್ಲಪ್ಪ, ಅಲ್ಲಿ ಇಡದೆ ಇನ್ನೆಲ್ಲಿ ಇಡಲಿ’ ಎಂದರು. ದೀಪಕ್ಕೆ ಎಣ್ಣೆ ಹಾಕಿದ ಕೈಯಿಂದಲೇ ಇಟ್ಟಿದ್ದಾರೆ. ಒರೆಸಿ, ಪ್ಯಾಡ್ ಉಜ್ಜಿ, ಮೂವತ್ತು ಸಲ ನಿಧಾನಿಸಿದ ಮೇಲೆ ಈಗ ಸದ್ದಿಲ್ಲದೆ ಗಟ್ಟಿಯಾಗಿ ಹಿಡಿಯುತ್ತದೆ. ಮುಂದಿನ ಆಯುಧಪೂಜೆಗೆ ಹ್ಯಾಂಡಲ್ಲಿಗೆ ಮಾತ್ರ ಕುಂಕುಮ ಎಂದು ಒಪ್ಪಂದವಾಗಿದೆ.

ಉಳಿದಿರುವುದು ಒಂದೇ ಪ್ರಶ್ನೆ. ಗೆಳೆಯರು ಬೆಟ್ಟಕ್ಕೆ ಹಿಂದಿನ 32 ಹಲ್ಲಿನ ಚಕ್ರ ಸಾಲದು, 34 ಹಲ್ಲಿನದಿರುವ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸು ಎನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ಅಲೆನ್ ಕೀ, ರಾಜಾಜಿನಗರ

ಈಗ ಬೇಡ. ಮುಂದೆ 34, ಹಿಂದೆ 32 ಇಟ್ಟು ನಿಮಿಷಕ್ಕೆ 60 ಸುತ್ತು ತುಳಿದರೆ, ನಿಮ್ಮದೇ 2130 ಮಿ.ಮೀ. ಲೆಕ್ಕದಲ್ಲಿ, ಗಂಟೆಗೆ 8.1 ಕಿ.ಮೀ. ವೇಗ ಬರುತ್ತದೆ. ಹಿಂದೆ 34 ಹಾಕಿಸಿದರೆ ಅದೇ ತುಳಿತಕ್ಕೆ 7.7. ಅಷ್ಟು ವ್ಯತ್ಯಾಸಕ್ಕೆ ಕ್ಯಾಸೆಟ್ಟು, ಅದರ ಜೊತೆಗೆ ಪ್ರಾಯಶಃ ಉದ್ದದ ಚೈನು, ನಿಮ್ಮ ಡಿರೈಲರ್ 34ನ್ನು ತಾಳದಿದ್ದರೆ ಅದೂ, ಇಷ್ಟಕ್ಕೆ ಹಣ ಹಾಕಬೇಕಾಗುತ್ತದೆ. ಬುಡದಿಂದ ತುದಿಗೆ ಏಳೆಂಟು ಕಿ.ಮೀ. ಏರು. ಒಂದು ಗಂಟೆ ಹಿಡಿದರೂ ಹಿಡಿಯಲಿ, ಕೊನೆಯ ತಿರುವುಗಳಲ್ಲಿ ಕಾಲು ಸೋತರೆ ಇಳಿದು ನಿಂತು ನೀರು ಕುಡಿಯಿರಿ. ಹೋಗಿ ಬಂದ ಮೇಲೂ 34 ಬೇಕೆನಿಸಿದರೆ ಆಗ ಮಾತಾಡೋಣ.

ಇಳಿಯುವಾಗ ಬ್ರೇಕನ್ನು ಸದಾ ಹಿಡಿದುಕೊಂಡೇ ಇರಬೇಡಿ. ತಿರುವಿಗೆ ಮುಂಚೆ ಎರಡೂ ಬ್ರೇಕು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಟ್ಟು ತಟ್ಟೆಗಳಿಗೆ ಗಾಳಿಯಾಡಲು ಬಿಡಿ. ಕೆಳಗೆ ಬಂದು ನಿಂತಾಗ ಅವನ್ನು ಮುಟ್ಟಿ ನೋಡಬೇಡಿ, ಸುಡುತ್ತವೆ. ಮತ್ತು ಆ ಕೇಬಲ್ಲಿನ ಬಾಲವನ್ನು ಬಗ್ಗಿಸಿಟ್ಟರೆ ಸಾಲದು, ಎಳೆಗಳು ಬಿಚ್ಚಿಕೊಂಡು ಕಾಲಿಗೆ ಚುಚ್ಚುತ್ತವೆ. ಹೊರಡುವ ಹಿಂದಿನ ದಿನ ಈ ಕಡೆ ಬಂದರೆ ಕತ್ತರಿಸಿ ತುದಿಗೆ ಟೋಪಿ ಹಾಕಿಕೊಡುತ್ತೇನೆ, ಎರಡು ನಿಮಿಷದ ಕೆಲಸ.